ಕೆರೆಯೋ, ರನ್‌ವೇಯೋ?

ಬೆಂಗಳೂರಿನ ಜಕ್ಕೂರು ಸುತ್ತಮುತ್ತಲಿನ ರೇಡಾರ್ ಚಿತ್ರವನ್ನು ಮೊದಲ ಸಲ ನೋಡಿದವರು ತಬ್ಬಿಬ್ಬಾಗುತ್ತಾರೆ. ಜಕ್ಕೂರು ಕೆರೆ ಕಪ್ಪಗಿದೆ, ಸರಿ. ಆದರೆ ವಿಮಾನ ತರಬೇತಿ ಶಾಲೆಯ ರನ್‌ವೇ ಕೂಡ ಕಪ್ಪಗೇ ಇದೆ! ಯಲಹಂಕ ವಾಯುನೆಲೆಯದೂ ಅದೇ ಕಥೆ. ರೇಡಾರ್ ಉಪಗ್ರಹ ಅಲೆಗಳನ್ನು ಓರೆಯಾಗಿ ಕೆಳಗೆ ಬಿಡುತ್ತದೆ. ನುಣುಪಾದ ಜಾಗಕ್ಕೆ ಬಿದ್ದ ಅಲೆ ಕನ್ನಡಿಗೆ ಬಿದ್ದ ಬಿಸಿಲಿನಂತೆ ಆಚೆಗೆ ಜಾರಿಹೋಗುತ್ತದೆ, ವಾಪಸು ಬರುವುದು ತೀರಾ ಕಡಿಮೆ. ನಿಂತ ನೀರೂ ನುಣುಪು, ಡಾಂಬರೂ ನುಣುಪು. ರೇಡಾರ್‌ಗೆ ಎರಡೂ ಒಂದೇ.

ಬಿಸಿಲಿನ ಬೆಳಕಿನಲ್ಲಿ ಚಿತ್ರ ತೆಗೆಯುವ ಲ್ಯಾಂಡ್‌ಸ್ಯಾಟ್ ಅಥವಾ ಸೆಂಟಿನೆಲ್-2 ಉಪಗ್ರಹಗಳಿಗೆ ಈ ಗೊಂದಲವಿಲ್ಲ. ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ನೀರು ನುಂಗಿಬಿಡುತ್ತದೆ, ಡಾಂಬರು ಅಷ್ಟು ನುಂಗುವುದಿಲ್ಲ. ಆದರೆ ಇವುಗಳ ಪೇಚಾಟ ಬೇರೆ. ಬೇಸಿಗೆಯಲ್ಲಿ ಉತ್ತು ಬಿಟ್ಟ ಕೆಮ್ಮಣ್ಣಿನ ಹೊಲವನ್ನೂ ಹೊಸ ಬಡಾವಣೆಯನ್ನೂ ಇವು ಆಗಾಗ ಅದಲುಬದಲು ಮಾಡುತ್ತವೆ. ಅಲ್ಲಿ ರೇಡಾರ್ ನೆರವಿಗೆ ಬರುತ್ತದೆ: ನೆಲಕ್ಕೂ ಗೋಡೆಗೂ ಬಡಿದ ಅಲೆ ನೇರ ಹಿಂದಿರುಗಿ ಕಟ್ಟಡಗಳು ಫಳಫಳ ಹೊಳೆಯುತ್ತವೆ, ಖಾಲಿ ಹೊಲ ಮಂಕಾಗಿರುತ್ತದೆ. ಎರಡರ ತಪ್ಪೂ ಒಂದೇ ಕಡೆ ಬೀಳುವುದಿಲ್ಲ. ಬೇರೆ ಬೇರೆ ಉಪಗ್ರಹಗಳ ದತ್ತಾಂಶವನ್ನು ಕೂಡಿಸುವುದರ ಲಾಭ ಇರುವುದೇ ಇಲ್ಲಿ.

ಹೀಗೆ ಕೂಡಿಸಲು ಇನ್ನೊಂದು ಕಾರಣ ಮೋಡ. ನಮ್ಮ ಕಡೆ ರಾಗಿ ಬೆಳೆಯುವುದು ಮಳೆಗಾಲದಲ್ಲಿ. ಪೈರು ಹಸಿರಾಗಿರುವ ವಾರಗಳಲ್ಲೇ ಆಕಾಶ ಮುಚ್ಚಿರುತ್ತದೆ, ಬೆಳಕಿನ ಚಿತ್ರದಲ್ಲಿ ಬರೀ ಬಿಳಿ. ರೇಡಾರ್‌ಗೆ ಮೋಡದ ಹಂಗಿಲ್ಲ, ಕತ್ತಲಾದರೂ ಸರಿಯೇ. ಇಸ್ರೋ ಮತ್ತು ನಾಸಾ 2025ರ ಜುಲೈ 30ರಂದು ಹಾರಿಸಿದ ನೈಸಾರ್ ಉಪಗ್ರಹದಲ್ಲಿ ಎರಡು ರೇಡಾರ್‌ಗಳಿವೆ. ನಾಸಾದ ಎಲ್-ಬ್ಯಾಂಡ್ ಅಲೆಯ ಉದ್ದ ಸುಮಾರು 24 ಸೆಂ.ಮೀ., ಎಲೆಗಳ ನಡುವೆ ನುಸುಳಿ ಕೆಳಗಿನ ಕಾಂಡವನ್ನೂ ನೆಲವನ್ನೂ ತಟ್ಟಬಲ್ಲದು. ಇನ್ನೊಂದು ರೇಡಾರ್ ಉಪಗ್ರಹ ಸೆಂಟಿನೆಲ್-1ರ ಐದೂವರೆ ಸೆಂ.ಮೀ. ಅಲೆ ಬಹುಪಾಲು ಮೇಲಿನ ಎಲೆಗಳಲ್ಲೇ ಚದುರುತ್ತದೆ.

ಕೂಡಿಸುವುದೆಂದರೆ ಎರಡು ಚಿತ್ರ ಒಂದರ ಮೇಲೊಂದು ಇಟ್ಟಷ್ಟು ಸುಲಭವಲ್ಲ. ಸೆಂಟಿನೆಲ್-2ರ ಚಿತ್ರದ ಒಂದು ಚೌಕ (ಪಿಕ್ಸೆಲ್) 10 ಮೀಟರ್, ಅಂದರೆ ನಮ್ಮ ಮೂವತ್ತು–ನಲವತ್ತರ ಸೈಟಿಗಿಂತ ಸ್ವಲ್ಪ ಚಿಕ್ಕದು. ಲ್ಯಾಂಡ್‌ಸ್ಯಾಟ್‌ನ 30 ಮೀಟರ್ ಚೌಕದೊಳಗೆ ಅಂಥ ಎಂಟು ಸೈಟು ಕೂರುತ್ತವೆ. ಮೊದಲು ಎಲ್ಲವನ್ನೂ ಒಂದೇ ಅಳತೆಯ ಚೌಕಕ್ಕೆ ತರಬೇಕು, ಬಣ್ಣಪಟ್ಟಿಗಳ ಸಣ್ಣ ವ್ಯತ್ಯಾಸ ಸರಿದೂಗಿಸಬೇಕು. ಚಿತ್ರಗಳು ಒಂದಕ್ಕೊಂದು ಕರಾರುವಾಕ್ಕಾಗಿ ಕೂರಬೇಕು, ಅದು ಎಲ್ಲಕ್ಕಿಂತ ಮುಖ್ಯ. ಒಂದೇ ಒಂದು ಚೌಕ ಸರಿದರೂ ಏನೂ ಆಗದ ಕೆರೆಯಂಚು ‘ಒತ್ತುವರಿ’ಯಾಗಿ ಕಾಣಿಸುತ್ತದೆ. ಲ್ಯಾಂಡ್‌ಸ್ಯಾಟ್, ಸೆಂಟಿನೆಲ್-2 ಎರಡನ್ನೂ ಹೀಗೆ ಹೊಂದಿಸಿದ ಚಿತ್ರಗಳನ್ನು ನಾಸಾ ಪುಕ್ಕಟೆ ಕೊಡುತ್ತದೆ. ಒಂದೇ ಜಾಗ ಎರಡು–ಮೂರು ದಿನಕ್ಕೊಮ್ಮೆ ಸಿಗುತ್ತದೆ, ಮೋಡವಿಲ್ಲದಿದ್ದರೆ.

ಎಷ್ಟು ಕೂಡಿಸಿದರೂ ಏಮಾರುವ ಜಾಗ ಒಂದಿದೆ. ಕೆರೆ ತುಂಬ ಅಂತರಗಂಗೆ ಹಬ್ಬಿದಾಗ ಬೆಳಕಿನ ಚಿತ್ರ ಅದನ್ನು ಹಸಿರು ಹೊಲ ಎನ್ನುತ್ತದೆ, ಒರಟು ಎಲೆಗಳಿಂದ ಅಲೆ ಚದುರುವುದರಿಂದ ರೇಡಾರ್ ಕೂಡ ಹೌದೌದು ಎನ್ನುತ್ತದೆ. ಆಗ ಕಳೆ ಹಬ್ಬುವ ಮುಂಚಿನ ಚಿತ್ರ ಬೇಕು, ಸರ್ವೆ ನಕ್ಷೆಯ ಗಡಿ ಬೇಕು, ಒಬ್ಬರಾದರೂ ಏರಿಯ ಮೇಲೆ ಹೋಗಿ ನಿಲ್ಲಬೇಕು. ಸರ್ವೆ ನಂಬರನ್ನು ಫೋನಿನಲ್ಲೇ ತೋರಿಸುವ ದಿಶಾಂಕ್ ಆ್ಯಪ್ ಇದಕ್ಕೆ ಅನುಕೂಲ. ಅದನ್ನು ರೂಪಿಸಿದ ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ ಇರುವುದು ಇಲ್ಲೇ, ದೊಡ್ಡಬೆಟ್ಟಹಳ್ಳಿಯಲ್ಲಿ.

ಇನ್ನು ಮುಂದೆ ಯಾರಾದರೂ ಉಪಗ್ರಹ ಚಿತ್ರ ಹಿಡಿದು ‘ಕೆರೆ ನುಂಗಿದ್ದಾರೆ’ ಎಂದೋ ‘ಇಲ್ಲಿ ಕೆರೆಯೇ ಇರಲಿಲ್ಲ’ ಎಂದೋ ವಾದಿಸಿದರೆ ಮೂರು ಪ್ರಶ್ನೆ ಕೇಳಿ: ಯಾವ ಉಪಗ್ರಹ, ಯಾವ ತಾರೀಖು, ಚೌಕ ಎಷ್ಟು ಮೀಟರಿನದು?