ಮನೆಬಾಗಿಲಿಗೂ ಬರುವ ದೇವಕರೆ

ದೇವರ ಕರೆ ಎಂದೊಡನೆ ನಮ್ಮ ಕಣ್ಣ ಮುಂದೆ ಮೂಡುವ ಚಿತ್ರ ಬಹುಮಟ್ಟಿಗೆ ಒಂದೇ. ಬಿಳಿಯ ನಿಲುವಂಗಿ ತೊಟ್ಟ ಗುರುಗಳು, ಇಲ್ಲವೇ ಜಪಮಾಲೆ ಹಿಡಿದ ಕನ್ಯಾಸ್ತ್ರೀ. ಪಾಸ್ಕ ಕಾಲದ ನಾಲ್ಕನೆಯ ಭಾನುವಾರ, ಅಂದರೆ ಉತ್ತಮ ಕುರಿಗಾಹಿಯ ಭಾನುವಾರದಂದು ನಾವು ದೈವಕರೆಗಳಿಗಾಗಿ ವಿಶೇಷವಾಗಿ ಪ್ರಾರ್ಥಿಸುತ್ತೇವೆ. ಪರಮ ಜಗದ್ಗುರು ಆರನೆಯ ಪೌಲರು 1964ರಲ್ಲಿ ಆರಂಭಿಸಿದ ಈ ಆಚರಣೆಯ ದಿನ ನಮ್ಮ ಧರ್ಮಕೇಂದ್ರಗಳಲ್ಲಿ ಗುರುಗಳೂ ಸಿಸ್ಟರುಗಳೂ ತಮ್ಮ ಅನುಭವಗಳನ್ನು ಹಂಚಿಕೊಳ್ಳುತ್ತಾರೆ. ಮಕ್ಕಳು ಕಿವಿಗೊಟ್ಟು ಕೇಳುತ್ತಾರೆ. ಕೊಯ್ಲಿಗೆ ಆಳುಗಳನ್ನು ಕಳುಹಿಸಬೇಕೆಂದು ಒಡೆಯನನ್ನು ಬೇಡಿಕೊಳ್ಳಲು ಪ್ರಭುವೇ ಕಲಿಸಿರುವಾಗ ಇದು ಅಗತ್ಯವಾದ ಪ್ರಾರ್ಥನೆಯೇ ಸರಿ.

ಆದರೆ ಕರೆ ಎಂದರೆ ಇಷ್ಟೇ ಎಂದು ನಾವು ತಿಳಿದುಬಿಟ್ಟಾಗ ನಮ್ಮ ಕುಟುಂಬಗಳಲ್ಲಿ ಎರಡು ಬಗೆಯ ಹಾನಿ ಉಂಟಾಗುತ್ತದೆ. ಸಂಸಾರಸ್ಥರಾದ ನಮಗೆ ದೇವರ ಕರೆಯೇ ಇಲ್ಲ, ಕರೆ ಪಡೆದವರನ್ನು ಸಾಕಿ ಸಲಹಿ ಕಳುಹಿಸಿಕೊಡುವುದಷ್ಟೇ ನಮ್ಮ ಪಾಲಿನ ಕೆಲಸ ಎಂಬ ಭಾವನೆ ಮೊದಲನೆಯದು. ಭಾನುವಾರದ ಬಲಿಪೂಜೆ, ವರ್ಷಕ್ಕೊಮ್ಮೆ ಚರ್ಚಿನ ಹಬ್ಬ, ಕೈಲಾದಷ್ಟು ಕಾಣಿಕೆ. ಅಲ್ಲಿಗೆ ದೇವರೊಡನೆ ನಮ್ಮ ಲೆಕ್ಕ ಚುಕ್ತಾ ಆದಂತೆ. ಎರಡನೆಯ ಹಾನಿ ಇದಕ್ಕಿಂತ ನೋವಿನದು. ಸೆಮಿನರಿ ಸೇರಿ ಕೆಲವು ವರ್ಷಗಳಲ್ಲಿ ಹಿಂತಿರುಗಿದ ಹುಡುಗನನ್ನು, ಕಾನ್ವೆಂಟಿನಿಂದ ಮನೆಗೆ ಮರಳಿದ ಹುಡುಗಿಯನ್ನು ಊರು 'ಬಿಟ್ಟು ಬಂದವರು' ಎಂದೇ ಗುರುತಿಸುತ್ತದೆ. ಮದುವೆಯ ಮಾತುಕತೆಯಲ್ಲಿಯೂ ಆ ಮಾತು ನುಸುಳುತ್ತದೆ. ಬಲಿಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ನಿಲ್ಲಲು ಹಿಂಜರಿದು, ಯಾರ ಪ್ರಶ್ನೆಗೂ ಸಿಗದಂತೆ ಬೇಗಬೇಗನೆ ಮನೆ ಸೇರುವ ತಾಯಂದಿರು ನಮ್ಮ ನಡುವೆ ಇಲ್ಲವೇ? ಅಂಥ ಮಕ್ಕಳನ್ನು ದೇವರೇ ಬೇಡವೆಂದು ಹಿಂದಕ್ಕೆ ಕಳುಹಿಸಿದರೇ? ಈ ಪ್ರಶ್ನೆಗೆ ಧರ್ಮಸಭೆಯ ಉತ್ತರವೇನೆಂಬುದನ್ನು ಇಂದು ಆಲೋಚಿಸೋಣ.

ದೀಕ್ಷಾಸ್ನಾನದಲ್ಲಿಯೇ ಬಂದ ಕರೆ

ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರ ನವೆಂಬರ್ 21ರಂದು ಧರ್ಮಸಭೆಯನ್ನು ಕುರಿತ ತನ್ನ ಪ್ರಮುಖ ದಸ್ತಾವೇಜನ್ನು ಪ್ರಕಟಿಸಿತು. ಅದರ ಐದನೆಯ ಅಧ್ಯಾಯವಿಡೀ ಒಂದೇ ವಿಷಯಕ್ಕೆ ಮೀಸಲು. ಪಾವನತೆಯ ಕರೆ ಗುರುಗಳಿಗೂ ಮಠವಾಸಿಗಳಿಗೂ ಸೀಮಿತವಲ್ಲ. ದೀಕ್ಷಾಸ್ನಾನ ಪಡೆದ ಪ್ರತಿಯೊಬ್ಬರಿಗೂ, ಅವರವರ ಬಾಳಿನ ಸ್ಥಿತಿಗೆ ತಕ್ಕಂತೆ, ಆ ಕರೆ ಬಂದಿದೆ ಎಂದು ಅದು ಸಾರಿತು. ಗಂಡ, ಹೆಂಡತಿ, ವಿಧವೆ, ಅವಿವಾಹಿತ, ಕೂಲಿಯಾಳು, ರೋಗಿ, ಯಾರನ್ನೂ ಹೊರಗಿಡಲಿಲ್ಲ. ಅಂದಿನ ವಿಶ್ವಗುರು ಫ್ರಾನ್ಸಿಸರು 2018ರ ಮಾರ್ಚ್ 19ರಂದು ಹೊರಡಿಸಿದ ಪ್ರಬೋಧನ ಪತ್ರದಲ್ಲಿ ಇದೇ ಮಾತನ್ನು ಇನ್ನಷ್ಟು ಹತ್ತಿರಕ್ಕೆ ತಂದರು. ಮಕ್ಕಳನ್ನು ಅಕ್ಕರೆಯಿಂದ ಬೆಳೆಸುವ ತಂದೆತಾಯಿಗಳಲ್ಲಿ, ಸಂಸಾರ ಸಾಗಿಸಲು ಬೆವರು ಸುರಿಸುವವರಲ್ಲಿ, ನೆರೆಮನೆಯಲ್ಲಿಯೇ ನಾವು ಸಂತರನ್ನು ಕಾಣಬಲ್ಲೆವೆಂದು ಅವರು ಬರೆದರು.

ಮುಚ್ಚಿಕೊಂಡ ಎರಡು ಬಾಗಿಲುಗಳು

ಈ ಬೋಧನೆಗೆ ಜೀವ ತುಂಬಿದ ಒಂದು ಕುಟುಂಬ ಹತ್ತೊಂಬತ್ತನೆಯ ಶತಮಾನದ ಫ್ರಾನ್ಸ್ ದೇಶದಲ್ಲಿತ್ತು. 1823ರಲ್ಲಿ ಜನಿಸಿದ ಲೂಯಿ ಮಾರ್ಟಿನರು ತರುಣರಾಗಿದ್ದಾಗ ಆಲ್ಪ್ಸ್ ಪರ್ವತದ ಸಂತ ಬರ್ನಾರ್ಡರ ಮಠಕ್ಕೆ ಹೋಗಿ ತಮ್ಮನ್ನು ಸೇರಿಸಿಕೊಳ್ಳಬೇಕೆಂದು ಬೇಡಿದರು. ಲ್ಯಾಟಿನ್ ಭಾಷೆ ತಿಳಿಯದೆಂಬ ಕಾರಣದಿಂದ ಅವರಿಗೆ ಪ್ರವೇಶ ದೊರೆಯಲಿಲ್ಲ. ಅವರಿಗಿಂತ ಎಂಟು ವರ್ಷ ಕಿರಿಯರಾದ ಝೆಲಿ ಎಂಬ ಯುವತಿ ಅಲೆನ್ಸಾನ್ ಪಟ್ಟಣದಲ್ಲಿ ರೋಗಿಗಳ ಸೇವೆ ಮಾಡುತ್ತಿದ್ದ ಕನ್ಯಾಸ್ತ್ರೀಯರ ಸಭೆಯನ್ನು ಸೇರಬಯಸಿದರು. ಅಲ್ಲಿಯೂ ಒಪ್ಪಿಗೆ ಸಿಗಲಿಲ್ಲ. ಒಬ್ಬರು ಗಡಿಯಾರ ದುರಸ್ತಿಯ ಕಸುಬು ಕಲಿತು ಅಲೆನ್ಸಾನಿನಲ್ಲಿ ಅಂಗಡಿ ತೆರೆದರು. ಇನ್ನೊಬ್ಬರು ಅದೇ ಊರಿನಲ್ಲಿ ಲೇಸು ಹೆಣೆಯುವ ಉದ್ಯೋಗ ಹಿಡಿದರು. ದೇವರಿಗೆ ತಮ್ಮನ್ನು ಅರ್ಪಿಸಿಕೊಳ್ಳಲು ಹೋಗಿ ಬಾಗಿಲಿನಿಂದಲೇ ಹಿಂತಿರುಗಿದ ಈ ಇಬ್ಬರು 1858ರ ಜುಲೈ 13ರಂದು ಮದುವೆಯಾದರು.

ಅವರಿಗೆ ಒಂಬತ್ತು ಮಕ್ಕಳು. ನಾಲ್ವರು ಎಳವೆಯಲ್ಲಿಯೇ ತೀರಿಕೊಂಡರು. ಉಳಿದ ಐವರು ಹೆಣ್ಣುಮಕ್ಕಳೂ ಮುಂದೆ ಕನ್ಯಾಸ್ತ್ರೀಯರಾದರು. ಅವರಲ್ಲಿ ಕಡೆಯವರೇ ನಾವು 'ಕಿರುಪುಷ್ಪ' ಎಂದು ಪ್ರೀತಿಯಿಂದ ಕರೆಯುವ ಸಂತ ತೆರೇಸಮ್ಮನವರು. ಕೇವಲ 24 ವರ್ಷ ಬದುಕಿ 1897ರಲ್ಲಿ ತೀರಿಕೊಂಡ ಅವರಿಗೆ 1925ರಲ್ಲಿ ಸಂತ ಪದವಿ ದೊರೆಯಿತು. ಆದರೆ ಮಗಳ ಪುಣ್ಯದಿಂದ ತಂದೆತಾಯಿಗಳು ಸಂತರಾಗಲಿಲ್ಲ. ಅವರ ಸ್ವಂತ ಬಾಳನ್ನೇ ಒರೆಗೆ ಹಚ್ಚಿ ನೋಡಿದ ಧರ್ಮಸಭೆ 2015ರ ಅಕ್ಟೋಬರ್ 18ರಂದು ಇಬ್ಬರನ್ನೂ ಸಂತರೆಂದು ಘೋಷಿಸಿತು. ಗಂಡ ಹೆಂಡತಿಯನ್ನು ದಂಪತಿಯಾಗಿಯೇ ಒಟ್ಟಿಗೆ ಸಂತರ ಪಟ್ಟಿಗೆ ಸೇರಿಸಿದ್ದು ಅದೇ ಮೊದಲು.

ಸೂಜಿಯ ಮೊನೆಯಲ್ಲಿ ಉತ್ತರ

ಹಾಗಾದರೆ ಅವರು ಮಾಡಿದ ಮಹಾಕಾರ್ಯವಾದರೂ ಏನು? ಹುಡುಕಹೊರಟರೆ ನಮಗೆ ಸಿಗುವುದು ಗಡಿಯಾರ, ಸೂಜಿ, ತೊಟ್ಟಿಲು ಮತ್ತು ಚರ್ಚು. ಬೆಳಗಿನ ಜಾವದ ಬಲಿಪೂಜೆಗೆ ದಂಪತಿಗಳಿಬ್ಬರೂ ದಿನವೂ ಹೋಗುತ್ತಿದ್ದರು. ಭಾನುವಾರ ಲೂಯಿ ಅಂಗಡಿ ತೆರೆಯುತ್ತಿರಲಿಲ್ಲ. ಅಂದು ಗಿರಾಕಿಗಳು ಹೆಚ್ಚು ಬರುತ್ತಾರೆ, ಲಾಭ ಕೈತಪ್ಪುತ್ತದೆ ಎಂದು ಹಿತೈಷಿಗಳು ಹೇಳಿದರೂ ಅವರು ಕದಲಲಿಲ್ಲ. ಹೆಂಡತಿಯ ಲೇಸಿನ ವ್ಯವಹಾರ ಬೆಳೆದಾಗ, 1870ರ ಸುಮಾರಿಗೆ, ತಮ್ಮ ಅಂಗಡಿಯನ್ನೇ ಬಿಟ್ಟುಕೊಟ್ಟು ಆಕೆಯ ಕೆಲಸಕ್ಕೆ ಹೆಗಲು ಕೊಟ್ಟರು. ಗಂಡಸಿನ ಪ್ರತಿಷ್ಠೆಯ ಮಾತು ಇಂದಿಗೂ ಅಳಿಯದಿರುವಾಗ, ಒಂದೂವರೆ ಶತಮಾನದ ಹಿಂದಿನ ಈ ನಡೆ ನಮ್ಮನ್ನು ಯೋಚನೆಗೆ ಹಚ್ಚುತ್ತದೆ.

ಅಲೆನ್ಸಾನಿನ ಲೇಸು ಸೂಜಿಯಿಂದಲೇ ಹೆಣೆಯುವಂಥದು. ಒಂದು ಚದರ ಸೆಂಟಿಮೀಟರು ಹೆಣೆಯಲು ಸುಮಾರು ಏಳು ಗಂಟೆಗಳ ಕೆಲಸ ಬೇಕು. 2010ರಲ್ಲಿ ಯುನೆಸ್ಕೊ ಸಂಸ್ಥೆಯು ಈ ಕಸುಬನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಝೆಲಿಯವರ ಬಳಿ ಕೆಲಸ ಮಾಡುತ್ತಿದ್ದ ಸ್ತ್ರೀಯರು ತಮ್ಮ ತಮ್ಮ ಮನೆಗಳಲ್ಲಿ ಲೇಸಿನ ಚಿಕ್ಕ ಚಿಕ್ಕ ತುಂಡುಗಳನ್ನು ಹೆಣೆದು ತರುತ್ತಿದ್ದರು. ಹೊಲಿಗೆ ಕಾಣದಂತೆ ಆ ತುಂಡುಗಳನ್ನು ಒಂದಕ್ಕೊಂದು ಜೋಡಿಸುವ ಕಷ್ಟದ ಕೆಲಸ ಝೆಲಿಯವರದು. ನಮ್ಮ ದಿನಗಳೂ ಇಂಥ ತುಂಡುಗಳೇ ಅಲ್ಲವೇ? ಅಡುಗೆ ಮನೆಯ ಒಂದು ಗಂಟೆ, ಬಸ್ಸಿನ ನೂಕುನುಗ್ಗಲಿನ ಒಂದು ಗಂಟೆ, ಕಚೇರಿಯ ಎಂಟು ಗಂಟೆ, ಮಗುವಿನ ಹೋಂವರ್ಕು, ಅತ್ತೆಯ ಔಷಧಿ. ಬಿಡಿಬಿಡಿಯಾಗಿ ನೋಡಿದರೆ ಯಾವುದಕ್ಕೂ ಅರ್ಥವಿದ್ದಂತೆ ತೋರುವುದಿಲ್ಲ. ಯಾರಿಗಾಗಿ ಇದನ್ನು ಮಾಡುತ್ತಿದ್ದೇವೆ ಎಂಬ ಅರಿವೇ ಅವುಗಳನ್ನು ಜೋಡಿಸುವ ನೂಲು. ಉದ್ದೇಶವುಳ್ಳ ಕ್ರೈಸ್ತ ಬಾಳು ಎನ್ನುವುದು ಇದನ್ನೇ.

ಇದು ಸುಲಭವಾಗಿತ್ತೆಂದು ಯಾರೂ ಭಾವಿಸಬಾರದು. ಝೆಲಿಯವರ ಇನ್ನೂರಕ್ಕೂ ಹೆಚ್ಚು ಪತ್ರಗಳು ಉಳಿದುಬಂದಿವೆ. ವ್ಯಾಪಾರದ ಚಿಂತೆ, ಮಕ್ಕಳ ಕಾಯಿಲೆ, ದಣಿವು, ಬೇಸರ ಎಲ್ಲವೂ ಅವುಗಳಲ್ಲಿ ತುಂಬಿವೆ. ಸ್ತನ ಕ್ಯಾನ್ಸರಿಗೆ ತುತ್ತಾದ ಅವರು 1877ರ ಜೂನ್ ತಿಂಗಳಲ್ಲಿ ಲೂರ್ದು ಮಾತೆಯ ಸನ್ನಿಧಿಗೆ ಯಾತ್ರೆ ಹೋದರೂ ಗುಣವಾಗಲಿಲ್ಲ. ಅದೇ ವರ್ಷ ಆಗಸ್ಟ್ 28ರಂದು, ತೆರೇಸಾ ನಾಲ್ಕೂವರೆ ವರ್ಷದ ಮಗುವಾಗಿದ್ದಾಗ, ಕಣ್ಮುಚ್ಚಿದರು. ಲೂಯಿಯವರು ಐವರು ಹೆಣ್ಣುಮಕ್ಕಳೊಡನೆ ಲಿಸಿಯೂ ಪಟ್ಟಣಕ್ಕೆ ಬಂದು ನೆಲೆಸಿದರು. ತಮ್ಮ ಇಳಿವಯಸ್ಸಿನಲ್ಲಿ ಮಾನಸಿಕ ಅಸ್ವಸ್ಥತೆಗೆ ಒಳಗಾಗಿ 1889ರಿಂದ ಮೂರು ವರ್ಷ ಕಾನ್ ನಗರದ ಆಸ್ಪತ್ರೆಯಲ್ಲಿದ್ದರು, 1894ರಲ್ಲಿ ತೀರಿಕೊಂಡರು. ಮಾನಸಿಕ ಕಾಯಿಲೆಯನ್ನು ಮನೆಯ ಕಳಂಕವೆಂದು ಮುಚ್ಚಿಡುವ ನಮ್ಮ ಸಮಾಜಕ್ಕೆ, ಅಂಥ ಆಸ್ಪತ್ರೆಯಲ್ಲಿ ಮೂರು ವರ್ಷ ಕಳೆದವರೊಬ್ಬರನ್ನು ಧರ್ಮಸಭೆ ಪೀಠದ ಮೇಲೇರಿಸಿ ಗೌರವಿಸಿತೆಂಬುದು ತಿಳಿದಿರಲಿ.

ಮರಳಿ ಬಂದ ಮಗಳು

ಆ ಮನೆಯ ಮೂರನೆಯ ಮಗಳು ಲೆಯೊನಿ. ಓದಿನಲ್ಲಿ ಹಿಂದೆ, ಆರೋಗ್ಯದಲ್ಲಿ ದುರ್ಬಲೆ, ಸ್ವಭಾವದಲ್ಲಿ ಹಟಮಾರಿ. ತಾಯಿಗೆ ಅತಿ ಹೆಚ್ಚು ಚಿಂತೆ ತಂದ ಮಗು. 1886ರಲ್ಲಿ ಮೊದಲ ಬಾರಿ ಮಠ ಸೇರಿ ಕೆಲವೇ ವಾರಗಳಲ್ಲಿ ಮನೆಗೆ ಬಂದರು. 1887ರಲ್ಲಿ ಮತ್ತೊಂದು ಮಠಕ್ಕೆ ಹೋಗಿ ಮರುವರ್ಷ ಹಿಂತಿರುಗಿದರು. 1893ರಲ್ಲಿ ಪುನಃ ಹೋಗಿ ಎರಡು ವರ್ಷಗಳ ಬಳಿಕ ಮತ್ತೆ ಬಂದರು. ಸಹೋದರಿಯರು ನಾಲ್ವರೂ ಮಠದಲ್ಲಿ ನೆಲೆಯೂರಿದ್ದಾಗ ಮೂರು ಬಾರಿ ಹಿಂತಿರುಗಿದ ಈ ಹೆಣ್ಣುಮಗಳ ಮನಸ್ಸು ಎಷ್ಟು ನೊಂದಿರಬೇಕು! ಆದರೂ ಬಂಧುಗಳ ಮನೆಯ ಬಾಗಿಲು ಆಕೆಗೆ ತೆರೆದೇ ಇತ್ತು. 1899ರಲ್ಲಿ ನಾಲ್ಕನೆಯ ಬಾರಿ ಕಾನ್ ನಗರದ ಮಠ ಸೇರಿದವರು 1941ರಲ್ಲಿ ಸಾಯುವವರೆಗೂ ಅಲ್ಲಿಯೇ ಉಳಿದರು. 2015ರಲ್ಲಿ ಅವರ ಸಂತ ಪದವಿಯ ವಿಚಾರಣೆಯೂ ಆರಂಭವಾಯಿತು.

ಲೆಯೊನಿ ಕಡೆಗೂ ಮಠ ಸೇರಿದರು, ತಂದೆತಾಯಿ ಸೇರಲಿಲ್ಲ. ಇಬ್ಬರ ದಾರಿಯೂ ದೇವರೆಡೆಗೇ ಹೋಯಿತು. ಆದುದರಿಂದ ಹಿಂತಿರುಗಿ ಬಂದ ಮಕ್ಕಳನ್ನು ಕಂಡಾಗ ನಾವು ಕೇಳಬೇಕಾದ ಪ್ರಶ್ನೆ 'ಏಕೆ ಬಿಟ್ಟು ಬಂದೆ?' ಎಂಬುದಲ್ಲ. ದೇವರು ಅವರನ್ನು ಈಗ ಯಾವ ಕಡೆಗೆ ಕರೆಯುತ್ತಿದ್ದಾರೆಂದು ಅವರೊಡನೆ ಸೇರಿ ಹುಡುಕಬೇಕು. ಸೆಮಿನರಿಯಲ್ಲಿ ಕಳೆದ ವರ್ಷಗಳು ವ್ಯರ್ಥವಲ್ಲ. ಅಲ್ಲಿ ಕಲಿತ ಪ್ರಾರ್ಥನೆ, ಶಿಸ್ತು, ಧರ್ಮಗ್ರಂಥದ ಅರಿವು ಒಬ್ಬ ಒಳ್ಳೆಯ ಶಿಕ್ಷಕನಲ್ಲಿ, ಗಂಡನಲ್ಲಿ, ತಂದೆಯಲ್ಲಿ ಫಲ ಕೊಡಬಲ್ಲದು. ಅಂಥವರನ್ನು ಮಕ್ಕಳ ಧರ್ಮೋಪದೇಶ ತರಗತಿಗೋ ಗಾಯನ ತಂಡಕ್ಕೋ ಮನಃಪೂರ್ವಕವಾಗಿ ಕರೆಯುವ ಮೊದಲ ಧ್ವನಿ ನಮ್ಮದೇ ಏಕಾಗಬಾರದು?

ಫ್ರಾನ್ಸ್ ದೂರವೆನಿಸಿದರೆ ನಮ್ಮ ನೆರೆಯ ಕನ್ಯಾಕುಮಾರಿಯತ್ತ ನೋಡೋಣ. ತಿರುವಾಂಕೂರು ಅರಮನೆಯ ಅಧಿಕಾರಿಯಾಗಿದ್ದ ದೇವಸಹಾಯಂ ಪಿಳ್ಳೈಯವರು ಸಂಸಾರಸ್ಥರು. ಕಷ್ಟಗಳಿಂದ ಕುಗ್ಗಿದ್ದಾಗ ಸಹೋದ್ಯೋಗಿಯಾಗಿದ್ದ ಡಿ ಲನೋಯ್ ಎಂಬ ಸೇನಾಧಿಕಾರಿ ಅವರಿಗೆ ಯೋಬನ ಕಥೆ ಹೇಳಿ ಸಾಂತ್ವನ ನೀಡಿದರು. ಆ ಗೆಳೆಯನ ಮಾತಿನಲ್ಲಿಯೇ ಅವರು ದೇವರ ಕರೆಯನ್ನು ಕೇಳಿದರು. 1745ರಲ್ಲಿ ದೀಕ್ಷಾಸ್ನಾನ ಪಡೆದು, ವಿಶ್ವಾಸಕ್ಕಾಗಿ 1752ರಲ್ಲಿ ಪ್ರಾಣವನ್ನೇ ತೆತ್ತ ಅವರನ್ನು 2022ರ ಮೇ 15ರಂದು ಸಂತರೆಂದು ಘೋಷಿಸಲಾಯಿತು. ಭಾರತದ ಶ್ರೀಸಾಮಾನ್ಯ ವಿಶ್ವಾಸಿಗಳಲ್ಲಿ ಸಂತ ಪದವಿಗೇರಿದ ಮೊದಲಿಗರು ಇವರೇ. ನಾವು ಸಹೋದ್ಯೋಗಿಗೆ ಹೇಳುವ ಒಂದು ಸಮಾಧಾನದ ಮಾತು ಎಲ್ಲಿಯವರೆಗೆ ಹೋಗಿ ಮುಟ್ಟೀತೆಂದು ಬಲ್ಲವರಾರು?

ಹಿರಿಯನ ಧ್ವನಿಯಲ್ಲಿ ದೇವರ ಧ್ವನಿ

ಕರೆಯನ್ನು ಗುರುತಿಸುವುದು ಹೇಗೆ ಎಂಬ ಪ್ರಶ್ನೆ ಸಹಜ. ಬಾಲಕ ಸಮುವೇಲನ ವೃತ್ತಾಂತವನ್ನು ನಾವೆಲ್ಲರೂ ಕೇಳಿದ್ದೇವೆ. ರಾತ್ರಿ ದೇವರು ಅವನನ್ನು ಹೆಸರು ಹಿಡಿದು ಕರೆದಾಗ, ದೃಷ್ಟಿ ಮಂದವಾಗಿದ್ದ ವೃದ್ಧ ಯಾಜಕ ಏಲಿಯೇ ಕರೆದನೆಂದು ಭಾವಿಸಿ ಮೂರು ಬಾರಿಯೂ ಎದ್ದು ಓಡಿದ. ಅಂದರೆ ದೇವರ ಧ್ವನಿ ಅವನಿಗೆ ತಾನು ಸೇವೆ ಮಾಡುತ್ತಿದ್ದ ಹಿರಿಯನ ಧ್ವನಿಯಂತೆಯೇ ಕೇಳಿಸಿತು. ಮುದುಕ ಕರೆದಾಗ ಗೊಣಗದೆ ನಿದ್ದೆಯಿಂದ ಏಳುವ ಅಭ್ಯಾಸವಿದ್ದವನಿಗೆ ದೇವರು ಕರೆದಾಗ ಏಳುವುದು ಕಷ್ಟವಾಗಲಿಲ್ಲ. ಹಾಸಿಗೆ ಹಿಡಿದ ಅಜ್ಜಿ ನಡುರಾತ್ರಿ ನೀರು ಕೇಳಿದಾಗ ನಮ್ಮ ಮನೆಗೆ ಬರುವ ಧ್ವನಿ ಯಾರದು? ದೂರದ ದೇಶದಲ್ಲಿ ದುಡಿಯುವ ಮಗನ ಫೋನ್ ಕರೆಯಲ್ಲಿ ಅಡಗಿದ ಒಂಟಿತನ, ತಿಂಗಳು ತುಂಬಿದರೂ ಸಂಬಳ ಕೇಳಲು ಸಂಕೋಚಪಡುವ ಮನೆಗೆಲಸದಾಕೆಯ ಮೌನ, ಇವುಗಳಲ್ಲಿಯೂ ನಮ್ಮ ಹೆಸರು ಹಿಡಿದು ಕರೆಯುವವರೊಬ್ಬರಿದ್ದಾರೆ.

ಏಲಿಯಿಂದ ತಂದೆತಾಯಿಗಳು ಕಲಿಯಬೇಕಾದುದೂ ಒಂದಿದೆ. ಬಾಲಕನ ಪರವಾಗಿ ಅವನು ತಾನೇ ಉತ್ತರ ಕೊಡಲಿಲ್ಲ; ದೇವರಿಗೆ ಕಿವಿಗೊಡುವುದು ಹೇಗೆಂದು ಹೇಳಿಕೊಟ್ಟು, ಅವನನ್ನು ಅವನ ಸ್ಥಳಕ್ಕೆ ಹಿಂದಕ್ಕೆ ಕಳುಹಿಸಿದ. ಮಗ ಗುರುವಾಗಲಿ ಎಂದು ಹರಕೆ ಹೊತ್ತು ಅವನ ಮೇಲೆ ಹೇರುವುದೂ, ಗುರುವಾಗಬಯಸಿದ ಒಬ್ಬನೇ ಮಗನನ್ನು ಕಣ್ಣೀರಿನಿಂದ ಕಟ್ಟಿಹಾಕುವುದೂ, ಅವನ ಪರವಾಗಿ ನಾವೇ ಉತ್ತರ ಕೊಟ್ಟಂತೆ. ಸಂಜೆಯ ಜಪಸರದ ಬಳಿಕ ಐದು ನಿಮಿಷ ಮೌನವಾಗಿ ಕುಳಿತು, 'ಪ್ರಭುವೇ, ಇಂದು ಯಾರ ಮೂಲಕ ನಮ್ಮನ್ನು ಕರೆದಿರಿ? ನಾವು ಏನೆಂದು ಉತ್ತರಿಸಿದೆವು?' ಎಂದು ಮನೆಮಂದಿಯೆಲ್ಲ ಕೇಳಿಕೊಳ್ಳುವ ಅಭ್ಯಾಸ ಬೆಳೆದರೆ ಸಾಕು. ಪೀಠದ ಬಳಿಗೆ ಹೋಗಬೇಕಾದವರು ಆ ಮೌನದಿಂದಲೇ ಎದ್ದು ಹೋಗುತ್ತಾರೆ. ಅಂಗಡಿಗೆ, ಶಾಲೆಗೆ, ಹೊಲಕ್ಕೆ ಹೋಗಬೇಕಾದವರೂ ಆ ಮೌನದಿಂದಲೇ ಹೊರಡುತ್ತಾರೆ.

ನಜರೇತಿನ ಒಂದು ಬಡಗಿಯ ಮನೆಯಲ್ಲಿ ಸುಮಾರು ಮೂವತ್ತು ವರ್ಷ ಯಾರ ಕಣ್ಣಿಗೂ ಬೀಳದೆ ದುಡಿದು ಬಾಳಿದ ಪ್ರಭು ಯೇಸುಕ್ರಿಸ್ತರು ನಮ್ಮ ಮನೆಗಳ ದುಡಿಮೆಯನ್ನೂ ಬಲ್ಲರು. ಮಾತೆ ಮರಿಯಮ್ಮನವರ ಮತ್ತು ಸಂತ ಜೋಸೆಫರ ಪ್ರಾರ್ಥನೆಯ ನೆರವಿನಿಂದ, ನಾಳೆ ಬೆಳಿಗ್ಗೆ ನಮ್ಮ ಬಾಗಿಲಿಗೆ ಬರುವ ಕರೆಗೆ ನಾವೆಲ್ಲರೂ ಸಂತೋಷದಿಂದ ಓಗೊಡುವಂತಾಗಲಿ.