ಸತ್ತ ಮರದ ಕಂಬನಿ

ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಇರುಳೆಲ್ಲ ಸುರಿದ ಮಳೆ ನಿಂತ ಮುಂಜಾವು. ಬೇಲಿಯ ಮೂಲೆಯಲ್ಲಿ ವರ್ಷಗಳಿಂದ ಬಿದ್ದಿರುವ ಕೊರಡೊಂದನ್ನು ಬಗ್ಗಿ ನೋಡಿದರೆ ಒಮ್ಮೊಮ್ಮೆ ವಿಸ್ಮಯವೊಂದು ಕಣ್ಣಿಗೆ ಬೀಳುವುದುಂಟು. ನಿನ್ನೆಯವರೆಗೆ ಒಣ ತೊಗಲಿನ ಚೂರಿನಂತೆ ಅಂಟಿಕೊಂಡಿದ್ದುದು ಇಂದು ಕಂದುಬಣ್ಣದ ಮೆತ್ತನೆಯ ಕಿವಿಯಾಗಿ ಅರಳಿರುತ್ತದೆ! ನಾಯಿಕೊಡೆಗೆ ಇರುವಂತೆ ಇದಕ್ಕೆ ಕಾಂಡವೂ ಇಲ್ಲ, ಕೊಡೆಯೂ ಇಲ್ಲ. ಆದರೂ ಇದು ಅಣಬೆಯೇ. ಕಿವಿಯಣಬೆಯೆಂದು ಇದನ್ನು ಕರೆಯಬಹುದು. ಚೀನಾ ದೇಶದವರಿಗೂ ಮಣಿಪುರದವರಿಗೂ ಇದು ಅಚ್ಚುಮೆಚ್ಚಿನ ಆಹಾರ. ಆದರೆ ಗುರುತು ಬಲ್ಲವರ ನೆರವಿಲ್ಲದೆ ಯಾವ ಅಣಬೆಯನ್ನೂ ಬಾಯಿಗಿಡುವುದು ಅಪಾಯ.

ಕಿವಿಯಣಬೆ ಲೋಳೆಯಣಬೆಗಳ ಬಳಗಕ್ಕೆ ಸೇರಿದುದು. ಕಣ್ಣಿಗೆ ಕಾಣದ ಎಳೆಗಳಾಗಿ ಮರದೊಳಗೆ ಹಬ್ಬಿ, ಅದನ್ನು ಕರಗಿಸಿ ಉಣ್ಣುವುದು ಇದರ ಬಾಳು. ಹೊರಗೆ ಕಾಣುವ ಲೋಳೆ ಬೀಜಕಣಗಳನ್ನು ಗಾಳಿಗೆ ತೂರುವ ಅಂಗ ಮಾತ್ರ. ಸಾಮಾನ್ಯ ಅಣಬೆ ಕೆಲವು ದಿನಗಳಲ್ಲಿ ಕೊಳೆತುಹೋಗುತ್ತದೆ. ಇದು ಹಾಗಲ್ಲ, ಬಿಸಿಲೇರಿದಾಗ ಹಪ್ಪಳದಂತೆ ಒಣಗಿ ಕಾಯುತ್ತದೆ, ಮಳೆ ಬಿದ್ದಾಗ ನೀರು ಹೀರಿ ಉಬ್ಬಿ, ನಿಂತ ಕೆಲಸವನ್ನು ಮುಂದುವರಿಸುತ್ತದೆ. ಸದಾ ಹರಿಯುವ ಹೊಳೆಯಿಲ್ಲದೆ ಕೆರೆಗಳನ್ನೇ ನಂಬಿದ ಕೋಲಾರದ ಸೀಮೆಗೆ ಇದಕ್ಕಿಂತ ತಕ್ಕ ಜೀವಿ ಇದ್ದೀತೆ?

ಈ ಬಳಗದಲ್ಲಿ ಹಟಮಾರಿಗಳೂ ಉಂಟು. ಅವು ಪೈನ್, ಫರ್ ಮೊದಲಾದ ಮರಗಳ ಸತ್ತ ಕೊರಡನ್ನೇ ಬಯಸುತ್ತವೆ. ಹಳದಿ, ಕಿತ್ತಳೆ ಬಣ್ಣದ ಹನಿಗಳಂತೆ ಮೂಡುವ ಇಂಥ ಅಣಬೆಗಳ ಕುಲವೊಂದಕ್ಕೆ 1816ರಲ್ಲಿ ಜರ್ಮನಿಯ ಸಸ್ಯಶಾಸ್ತ್ರಜ್ಞ ನೀಸ್ ‘ಡ್ಯಾಕ್ರಿಮೈಸಿಸ್’ ಎಂದು ಹೆಸರಿಟ್ಟನು. ಗ್ರೀಕ್ ಮೂಲದ ಆ ಹೆಸರಿಗೆ ‘ಕಂಬನಿಯ ಅಣಬೆ’ ಎಂದು ಅರ್ಥ. ಸತ್ತ ಮರಕ್ಕಾಗಿ ಅಳುವವರು ಇವರೇ ಏನೋ! ಆದರೆ ಪೈನ್ ಮರವನ್ನೇ ಬೇಡುವ ಜಾತಿಗಳನ್ನು ಅಂತರಗಂಗೆಯ ಕುರುಚಲಿನಲ್ಲಾಗಲಿ, ಮುಳಬಾಗಿಲಿನ ಬಂಡೆಗಳ ನಡುವೆಯಾಗಲಿ ಹುಡುಕುವುದು ವ್ಯರ್ಥ. ಇಲ್ಲಿ ಸಾಲಾಗಿ ನೆಟ್ಟ ಸರ್ವೆ ಮರ ನೋಟಕ್ಕೆ ಪೈನಿನಂತಿದ್ದರೂ ಅದರ ನಂಟನಲ್ಲ. ಅದು ಹೂಬಿಡುವ ಮರ.

ಹಿಮಾಲಯದಲ್ಲಿರಲಿ, ಕೋಲಾರದಲ್ಲಿರಲಿ, ಲೋಳೆಯಣಬೆಗೆ ಬೇಕಾದುದು ಕೊಳೆಯಲು ಬಿಟ್ಟ ಮರ. ಇಂದು ವಿರಳವಾಗುತ್ತಿರುವುದು ಅದೇ. ಮರ ಉರುಳಿದೊಡನೆ ಕೊಡಲಿ ಬರುತ್ತದೆ. ಬಡವರ ಒಲೆಗೆ ಪುಳ್ಳೆ ಬೇಕು. ಹೆಂಚು ಇಟ್ಟಿಗೆಗಳಿಗೆ ಹೆಸರಾದ ಮಾಲೂರಿನಂಥ ಊರಿನಲ್ಲಿ ಗೂಡು ಉರಿಯಬೇಕು. ಸೌದೆ ಆಯುವವರನ್ನು ದೂರುವುದು ನ್ಯಾಯವಲ್ಲ. ಆದರೆ ಸುಟ್ಟ ಮರ ಬೂದಿಯಾಗುತ್ತದೆ. ಅಣಬೆ ಉಂಡ ಮರ ತೇವವನ್ನು ಹಿಡಿದಿಡುವ ಮಣ್ಣಾಗುತ್ತದೆ. ಮಳೆ ಕಡಿಮೆಯಾದ ನೆಲಕ್ಕೆ ಆ ಮಣ್ಣಿನ ಬೆಲೆ ಎಷ್ಟೆಂಬುದನ್ನು ರೈತನೇ ಬಲ್ಲ.

ಹತ್ತು ಕೊರಡುಗಳು ಒಲೆ ಸೇರಲಿ. ಹನ್ನೊಂದನೆಯದು ತೋಪಿನ ಅಂಚಿನಲ್ಲಿ ಉಳಿಯಲಿ. ಮಳೆಯ ಮರುದಿನ ಮಕ್ಕಳನ್ನು ಕರೆದೊಯ್ದು ತೋರಿಸಲು ಅಲ್ಲಿ ಏನಾದರೂ ಇದ್ದೇ ಇರುತ್ತದೆ.