ಗರಗಸಕ್ಕೆ ಮುನ್ನ ಚಿತ್ರ: ಮಂಡಿ ಮರುಜೋಡಣೆಯಲ್ಲಿ ಸ್ಕ್ಯಾನಿನ ಪಾತ್ರ

ಸವೆದ ಮಂಡಿಯ ಕೀಲಿಗೆ ಕೃತಕ ಕೀಲನ್ನು ಜೋಡಿಸುವ ಶಸ್ತ್ರಚಿಕಿತ್ಸೆಯಲ್ಲಿ ವೈದ್ಯರು ಇಡೀ ಮೂಳೆಯನ್ನಾಗಲಿ, ಜನ ಸಾಮಾನ್ಯವಾಗಿ ತಿಳಿದಿರುವಂತೆ ಬರೀ ಮಂಡಿಚಿಪ್ಪನ್ನಾಗಲಿ ಬದಲಾಯಿಸುವುದಿಲ್ಲ. ತೊಡೆಯ ಮೂಳೆಯ ಕೆಳತುದಿಯಿಂದಲೂ ಮೊಣಕಾಲ ಕೆಳಗಿನ ದಪ್ಪ ಮೂಳೆಯಾದ ಟಿಬಿಯಾದ ಮೇಲ್ತುದಿಯಿಂದಲೂ ಸುಮಾರು ಒಂದು ಸೆಂಟಿಮೀಟರಿನಷ್ಟು ದಪ್ಪದ ಪದರವನ್ನು ಗರಗಸದಿಂದ ತೆಗೆದು, ಮೇಲಿನ ಮೂಳೆಗೆ ಲೋಹದ ಹೊದಿಕೆಯನ್ನೂ ಕೆಳಗಿನದಕ್ಕೆ ಲೋಹದ ತಟ್ಟೆಯನ್ನೂ ಕೂರಿಸಿ, ಇವೆರಡರ ನಡುವೆ ಪಾಲಿಎಥಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆಯನ್ನು ಇಡುತ್ತಾರೆ. ತೆಗೆಯುವ ಮೂಳೆ ಇಷ್ಟು ಕಡಿಮೆಯಾಗಿರುವುದರಿಂದಲೇ ಅದನ್ನು ಯಾವ ಕೋನದಲ್ಲಿ, ಎಷ್ಟು ಆಳಕ್ಕೆ ಕತ್ತರಿಸಬೇಕೆಂಬ ನಿರ್ಧಾರ ಮುಖ್ಯವಾಗುತ್ತದೆ. ಆ ನಿರ್ಧಾರಕ್ಕೆ ಆಧಾರವಾಗುವುದು ಶಸ್ತ್ರಚಿಕಿತ್ಸೆಗೆ ಮುನ್ನ ತೆಗೆದ ಕಾಲಿನ ಚಿತ್ರ.

ಚಿತ್ರವಿಲ್ಲದೆಯೂ ಇಂಥ ಪ್ರಯತ್ನ ನಡೆದಿತ್ತು. ಬರ್ಲಿನ್ನಿನ ಥೆಮಿಸ್ಟೊಕ್ಲೆಸ್ ಗ್ಲುಕ್ 1890ರಲ್ಲಿ ಕ್ಷಯದಿಂದ ಹಾಳಾದ ಮಂಡಿಗೆ ದಂತದಿಂದ ಮಾಡಿದ ಕೀಲನ್ನು ಅಳವಡಿಸಿದಾಗ ಎಕ್ಸ್-ರೇ ಇನ್ನೂ ಪತ್ತೆಯಾಗಿರಲಿಲ್ಲ. ವಿಲ್ಹೆಲ್ಮ್ ರಾಂಟ್‌ಜೆನ್ ಅದನ್ನು ಕಂಡುಹಿಡಿದದ್ದು 1895ರಲ್ಲಿ. ಗ್ಲುಕ್‌ನ ಕೀಲುಗಳು ಮುಖ್ಯವಾಗಿ ಸೋಂಕಿನಿಂದ ವಿಫಲವಾದವು. ಕೀಲಿನ ಮೇಲ್ಮೈಯನ್ನಷ್ಟೇ ಬದಲಿಸುವ ಇಂದಿನ ವಿಧಾನ ನೆಲೆಗೊಂಡದ್ದು 1970ರ ದಶಕದಲ್ಲಿ, ನ್ಯೂಯಾರ್ಕಿನ ಜಾನ್ ಇನ್ಸಾಲ್ ಮತ್ತು ಸಂಗಡಿಗರ ವಿನ್ಯಾಸಗಳಿಂದ.

ಎಕ್ಸ್-ರೇ ಇಂದಿಗೂ ಈ ಶಸ್ತ್ರಚಿಕಿತ್ಸೆಯ ಮೊದಲ ಮೆಟ್ಟಿಲು, ಆದರೆ ಅದನ್ನು ರೋಗಿ ನಿಂತಿರುವಾಗ ತೆಗೆಯಬೇಕು. ಮೂಳೆಯ ತುದಿಗಳನ್ನು ಹೊದ್ದಿರುವ ನುಣುಪಾದ ಮೃದ್ವಸ್ಥಿ ಎಕ್ಸ್-ರೇಯಲ್ಲಿ ಕಾಣುವುದಿಲ್ಲ. ಎರಡು ಮೂಳೆಗಳ ನಡುವಿನ ತೆರವು ಎಷ್ಟು ಕಿರಿದಾಗಿದೆ ಎಂಬುದರಿಂದ ಅದರ ಸವೆತವನ್ನು ಊಹಿಸಬೇಕಾಗುತ್ತದೆ. ಮಲಗಿದವರ ಕಾಲಿನ ಮೇಲೆ ಮೈಭಾರ ಬೀಳದ ಕಾರಣ ಈ ತೆರವು ಇರುವುದಕ್ಕಿಂತ ಅಗಲವಾಗಿ ಕಂಡು ಸವೆತ ಮರೆಯಾಗಬಹುದು. ಹಾಗೆಯೇ ಮಂಡಿಯೊಂದರ ಚಿತ್ರವೂ ಸಾಲದೆ ಸೊಂಟದಿಂದ ಪಾದದವರೆಗಿನ ಉದ್ದನೆಯ ಚಿತ್ರ ಬೇಕಾಗುತ್ತದೆ, ಏಕೆಂದರೆ ಮಂಡಿಯ ಮೇಲೆ ಭಾರ ಹೇಗೆ ಬೀಳುತ್ತದೆ ಎಂಬುದನ್ನು ಅದರ ಮೇಲಿನ ಮತ್ತು ಕೆಳಗಿನ ಕೀಲುಗಳನ್ನು ಬಿಟ್ಟು ಹೇಳಲಾಗದು.

ಈ ಉದ್ದನೆಯ ಚಿತ್ರದಲ್ಲಿ ಸೊಂಟದ ಕೀಲಿನ ನಡುಬಿಂದುವಿನಿಂದ ಹರಡಿನ, ಅಂದರೆ ಪಾದ ಮತ್ತು ಕಾಲು ಕೂಡುವ ಕೀಲಿನ, ನಡುಬಿಂದುವಿಗೆ ಎಳೆಯುವ ಗೆರೆಯನ್ನು ಯಾಂತ್ರಿಕ ಅಕ್ಷ ಎನ್ನುತ್ತಾರೆ. ಗಾರೆ ಕೆಲಸದವರು ಗೋಡೆಗೆ ಹಿಡಿಯುವ ತೂಗುಗುಂಡಿನ ದಾರದಂತೆ, ಕಾಲು ಎತ್ತ ವಾಲಿದೆ ಎಂಬುದನ್ನು ಅದು ತೋರಿಸುತ್ತದೆ. ಗೆರೆ ಮಂಡಿಯ ಒಳಬದಿಗೆ ಸರಿದಿದ್ದರೆ ಕಾಲು ಬಿಲ್ಲಿನಂತೆ ಹೊರಬಾಗಿರುತ್ತದೆ, ಹೊರಬದಿಗೆ ಸರಿದಿದ್ದರೆ ಮಂಡಿಗಳು ಒಂದಕ್ಕೊಂದು ತಾಗುವಂತೆ ಒಳಬಾಗಿರುತ್ತವೆ. ತೊಡೆಯ ಮೂಳೆಯ ಕಾಂಡ ಈ ಗೆರೆಯ ಗುಂಟ ಹೋಗದೆ ಸಾಮಾನ್ಯವಾಗಿ 5ರಿಂದ 7 ಡಿಗ್ರಿಯಷ್ಟು ಓರೆಯಾಗಿರುತ್ತದೆ. ಮೂಳೆಯ ಒಳಗೆ ಸರಳೊಂದನ್ನು ತೂರಿಸಿ ಅದರ ಆಧಾರದಿಂದ ಗರಗಸದ ಕೋನವನ್ನು ಹೊಂದಿಸುವ ಸಾಂಪ್ರದಾಯಿಕ ವಿಧಾನದಲ್ಲಿ, ಪ್ರತಿ ರೋಗಿಯ ಈ ಓರೆಯನ್ನು ಚಿತ್ರದಿಂದ ಅಳೆಯದೆ ಎಲ್ಲರಿಗೂ ಒಂದೇ ಅಂಕಿಯನ್ನು ಹಿಡಿದರೆ, ತೊಡೆಮೂಳೆ ಹೆಚ್ಚು ಬಾಗಿದವರ ಕೀಲು ತಪ್ಪು ಕೋನದಲ್ಲಿ ಕೂರುತ್ತದೆ.

ಎಕ್ಸ್-ರೇ ಒಂದು ಸಮತಲದ ನೆರಳಾದ್ದರಿಂದ ಮೂಳೆಯ ತಿರುಚು ಅದರಲ್ಲಿ ಸರಿಯಾಗಿ ಕಾಣುವುದಿಲ್ಲ. 1971ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ಮಿದುಳನ್ನು ಚಿತ್ರಿಸಿದ, ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರ ಸಿ.ಟಿ. ಯಂತ್ರ ಈ ಕೊರತೆಯನ್ನು ನೀಗಿಸುವ ದಾರಿ ತೋರಿತು. ಸಿ.ಟಿ. ಸ್ಕ್ಯಾನ್ ಎಕ್ಸ್-ಕಿರಣಗಳಿಂದಲೇ ದೇಹದ ತೆಳು ಅಡ್ಡಸೀಳುಗಳ ಚಿತ್ರಗಳನ್ನು ಪಡೆದು, ಅವುಗಳನ್ನು ಗಣಕದಲ್ಲಿ ಒಂದರ ಮೇಲೊಂದು ಜೋಡಿಸಿ ಮೂರು ಆಯಾಮದ ಮೂಳೆಯನ್ನು ಕಟ್ಟಿಕೊಡುತ್ತದೆ. ಎಂ.ಆರ್.ಐ. ಕಾಂತಕ್ಷೇತ್ರವನ್ನು ಬಳಸುವುದರಿಂದ ಅದರಲ್ಲಿ ಎಕ್ಸ್-ಕಿರಣಗಳ ವಿಕಿರಣವಿಲ್ಲ. ಮೃದ್ವಸ್ಥಿ ಮತ್ತು ಮೂಳೆಗಳನ್ನು ಬಿಗಿದಿರುವ ಅಸ್ಥಿರಜ್ಜುಗಳೂ ಅದರಲ್ಲಿ ಕಾಣುತ್ತವೆ, ಆದರೆ ಮೂಳೆಯ ಅಂಚನ್ನು ನಿಖರವಾಗಿ ಗುರುತಿಸಲು ಸಿ.ಟಿ.ಯೇ ಹೆಚ್ಚು ಅನುಕೂಲ.

ಮೂರು ಆಯಾಮದ ಈ ಮಾದರಿಯ ಮೇಲೆ ವೈದ್ಯರು ತೊಡೆಮೂಳೆಯ ಎರಡು ಬದಿಯ ಉಬ್ಬುಗಳನ್ನು ಗುರುತಿಸಿ ಅವುಗಳ ನಡುವೆ ಗೆರೆ ಎಳೆದು, ಲೋಹದ ಹೊದಿಕೆಯನ್ನು ಎಷ್ಟು ಹೊರತಿರುಗಿಸಿ ಕೂರಿಸಬೇಕೆಂದು ಲೆಕ್ಕ ಹಾಕುತ್ತಾರೆ. ಮೂಳೆಯ ಹಿಂಬದಿಯ ಉಬ್ಬುಗಳನ್ನು ಸೇರಿಸುವ ಗೆರೆಗೆ ಹೋಲಿಸಿದರೆ ಈ ತಿರುವು ಸಾಮಾನ್ಯವಾಗಿ 3 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅದು ತಪ್ಪಿದರೆ ಮಂಡಿಚಿಪ್ಪು ತನ್ನ ಜಾಡಿನಲ್ಲಿ ಸರಿಯಾಗಿ ಸರಿಯದೆ ನೋವು ಕೊಡುತ್ತದೆ. ಕೀಲಿನ ಅಳತೆಯನ್ನು ಆರಿಸುವ ಕೆಲಸವೂ ಇಲ್ಲಿಯೇ ಆಗುತ್ತದೆ, ಏಕೆಂದರೆ ಅಗಲ ಹೆಚ್ಚಾದ ಲೋಹ ಮೂಳೆಯ ಅಂಚನ್ನು ದಾಟಿ ಸುತ್ತಲಿನ ಅಂಗಾಂಶವನ್ನು ಕೆರೆಯುತ್ತದೆ.

ಗಣಕದ ಪರದೆಯ ಮೇಲಿನ ಈ ಯೋಜನೆಯನ್ನು ಶಸ್ತ್ರಚಿಕಿತ್ಸೆಯ ಮೇಜಿಗೆ ತರಲು ಮುಖ್ಯವಾಗಿ ಮೂರು ದಾರಿಗಳಿವೆ. ಮೊದಲನೆಯದು, ಸ್ಕ್ಯಾನಿನಿಂದ ಆಯಾ ರೋಗಿಯ ಮೂಳೆಗೆ ಮಾತ್ರ ಹೊಂದುವ ಅಚ್ಚನ್ನು ತ್ರೀ-ಡಿ ಮುದ್ರಣದಲ್ಲಿ ತಯಾರಿಸಿ, ಗರಗಸದ ಸ್ಥಾನವನ್ನು ಅದರಿಂದ ನಿರ್ಧರಿಸುವುದು. ಎರಡನೆಯದು ನ್ಯಾವಿಗೇಷನ್: ಮೂಳೆಗೆ ಬಿಗಿದ ಗುರುತುಗಳನ್ನು ಕ್ಯಾಮೆರಾ ಹಿಂಬಾಲಿಸುತ್ತದೆ, ಉಪಕರಣದ ಸ್ಥಾನವನ್ನು ಪರದೆ ತೋರಿಸುತ್ತದೆ, ಫ್ರಾನ್ಸಿನ ಗ್ರೆನೋಬಲ್‌ನಲ್ಲಿ 1997ರಲ್ಲಿ ಆರಂಭವಾದ ಈ ವಿಧಾನದ ಒಂದು ಬಗೆಯಲ್ಲಿ ತೊಡೆಯನ್ನು ಸುತ್ತಿಸಿ ಸೊಂಟದ ನಡುಬಿಂದುವನ್ನು ಗಣಿಸುವುದರಿಂದ ಮುಂಚಿತ ಸ್ಕ್ಯಾನ್ ಬೇಕಾಗುವುದಿಲ್ಲ. ಮೂರನೆಯದು ರೋಬೊಟಿಕ್ ತೋಳು. ಸಿ.ಟಿ. ಮಾದರಿಯನ್ನು ಆಧರಿಸಿದ ಇಂಥ ಯಂತ್ರದಲ್ಲಿ ಗರಗಸ ವೈದ್ಯರ ಕೈಯಲ್ಲೇ ಇದ್ದರೂ, ಯೋಜಿಸಿದ ಗಡಿಯನ್ನು ದಾಟಲು ತೋಳು ಬಿಡುವುದಿಲ್ಲ. ಇದಕ್ಕಾಗಿ ಶಸ್ತ್ರಚಿಕಿತ್ಸೆಯ ಆರಂಭದಲ್ಲೇ ಮೂಳೆಯ ಹಲವು ಬಿಂದುಗಳನ್ನು ಸೂಜಿಮೊನೆಯಂಥ ಉಪಕರಣದಿಂದ ಮುಟ್ಟಿ, ಕಣ್ಣೆದುರಿನ ಮೂಳೆಯನ್ನೂ ಪರದೆಯ ಮೂಳೆಯನ್ನೂ ಒಂದಕ್ಕೊಂದು ಹೊಂದಿಸಲಾಗುತ್ತದೆ. ಈ ಹೊಂದಾಣಿಕೆ ಕೆಟ್ಟರೆ ಮುಂದಿನ ನಿಖರತೆಯೆಲ್ಲ ತಪ್ಪು ಜಾಗದ ನಿಖರತೆಯಾಗುತ್ತದೆ.

ಆದರೆ ಯಾವ ಗುರಿಗೆ ನಿಖರವಾಗಿರಬೇಕು ಎಂಬ ಪ್ರಶ್ನೆಗೆ ಯಂತ್ರ ಉತ್ತರ ಕೊಡುವುದಿಲ್ಲ. ಯಾಂತ್ರಿಕ ಅಕ್ಷ ನೇರವಾಗಿ ಮಂಡಿಯ ನಡುವೆ ಹಾಯಬೇಕು, ಮೂರು ಡಿಗ್ರಿಗಿಂತ ಹೆಚ್ಚು ತಪ್ಪಬಾರದು ಎಂಬುದು ಬಹುಕಾಲದ ನಿಯಮವಾಗಿತ್ತು. ಬೆಲ್ಜಿಯಮ್ಮಿನ ಯೊಹಾನ್ ಬೆಲ್ಲೆಮಾನ್ಸ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನ, ಮಂಡಿನೋವಿಲ್ಲದ ಯುವಜನರಲ್ಲೇ ಗಂಡಸರ ಪೈಕಿ ಶೇ 32ರಷ್ಟು, ಹೆಂಗಸರ ಪೈಕಿ ಶೇ 17ರಷ್ಟು ಮಂದಿಗೆ 3 ಡಿಗ್ರಿ ಅಥವಾ ಹೆಚ್ಚಿನ ಬಿಲ್ಲುಬಾಗು ಸಹಜವಾಗಿಯೇ ಇದೆ ಎಂದು ತೋರಿಸಿತು. ಅಂಥವರ ಕಾಲನ್ನು ನೇರ ಮಾಡಿದರೆ ಅವರ ಸಹಜ ರೂಪವನ್ನೇ ಬದಲಿಸಿದಂತಾಗುತ್ತದೆ ಎಂಬ ವಾದ ಇದರಿಂದ ಬಲಗೊಂಡಿತು. ಅಮೆರಿಕದ ಸ್ಟೀಫನ್ ಹೋವೆಲ್ ಮೊದಲಾದವರು ಪ್ರತಿಪಾದಿಸಿದ, ಸವೆತಕ್ಕೆ ಮುಂಚಿನ ಮೇಲ್ಮೈಯನ್ನೇ ಮರಳಿ ಕೊಡುವ ವಿಧಾನಕ್ಕೆ, ಪ್ರತಿ ಮಂಡಿಯ ಪ್ರತ್ಯೇಕ ಚಿತ್ರ ಮತ್ತು ಅಳತೆ ಇನ್ನಷ್ಟು ಅಗತ್ಯ.

ಚಿತ್ರಕ್ಕೆ ಮಿತಿಗಳೂ ಇವೆ. ಅಸ್ಥಿರಜ್ಜುಗಳ ಬಿಗಿತ ಸ್ಥಿರಚಿತ್ರದಲ್ಲಿ ತಿಳಿಯದು. ಮಂಡಿಯನ್ನು ಮಡಚಿ, ನೀಡಿ, ಎರಡೂ ಬದಿಗೆ ಒತ್ತಿ ನೋಡಿ, ಆ ಹೊತ್ತಿನಲ್ಲೇ ಯೋಜನೆಯನ್ನು ತಿದ್ದಬೇಕಾಗುತ್ತದೆ. ಸಿ.ಟಿ.ಗೆ ಹೆಚ್ಚಿನ ವಿಕಿರಣವೂ ಖರ್ಚೂ ಇದೆ. ನ್ಯಾವಿಗೇಷನ್ ಬಳಸಿದ 65ರೊಳಗಿನ ರೋಗಿಗಳಲ್ಲಿ ಮರುಶಸ್ತ್ರಚಿಕಿತ್ಸೆಯ ಪ್ರಮಾಣ ಕಡಿಮೆಯಿತ್ತೆಂದು ಆಸ್ಟ್ರೇಲಿಯಾದ ರಾಷ್ಟ್ರೀಯ ದಾಖಲೆಗಳ ವಿಶ್ಲೇಷಣೆ ಹೇಳಿದರೆ, ರೋಗಿಗೆಂದೇ ಮಾಡಿದ ಅಚ್ಚುಗಳಿಂದ ಸ್ಪಷ್ಟ ಲಾಭವನ್ನು ಹೆಚ್ಚಿನ ಅಧ್ಯಯನಗಳು ಕಂಡಿಲ್ಲ. ಕೋನ ಹೆಚ್ಚು ನಿಖರವಾದ ಮಾತ್ರಕ್ಕೆ ರೋಗಿಯ ನಡಿಗೆ ಮತ್ತು ತೃಪ್ತಿ ಅಷ್ಟೇ ಪ್ರಮಾಣದಲ್ಲಿ ಹೆಚ್ಚುತ್ತದೆ ಎಂಬುದು ಸಿದ್ಧವಾಗಿಲ್ಲ.

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವ, ಕುಕ್ಕರುಗಾಲಿನಲ್ಲಿ ಕೆಲಸ ಮಾಡುವ ನಮ್ಮ ಜನರಲ್ಲಿ ಮಂಡಿ ಎಷ್ಟು ಮಡಚಬಲ್ಲದು ಎಂಬ ನಿರೀಕ್ಷೆ ದೊಡ್ಡದು. ಯಾವ ಚಿತ್ರವೂ ಯಾವ ಯಂತ್ರವೂ ಅದನ್ನು ಪೂರ್ತಿಯಾಗಿ ಖಾತ್ರಿಪಡಿಸದು. ಭಾರತದಲ್ಲಿ ಕೃತಕ ಮಂಡಿಕೀಲಿನ ಬೆಲೆಗೆ 2017ರ ಆಗಸ್ಟ್‌ನಲ್ಲಿ ಸರ್ಕಾರ ಮಿತಿ ಹಾಕಿದೆಯಾದರೂ, ರೋಗಿ ಕೊಡುವ ಹಣದಲ್ಲಿ ಕೀಲಿನ ಬೆಲೆ ಒಂದು ಪಾಲು ಮಾತ್ರ. ಹೀಗಿರುವಾಗ ಶಸ್ತ್ರಚಿಕಿತ್ಸೆಗೆ ಒಪ್ಪುವ ಮುನ್ನ ರೋಗಿಯೂ ಮನೆಯವರೂ ಆಸ್ಪತ್ರೆಯಲ್ಲಿ ಯಾವ ರೋಬೊಟ್ ಇದೆ ಎಂದು ಕೇಳುವುದಕ್ಕಿಂತ, ನಿಂತಿರುವಾಗ ತೆಗೆದ ಪೂರ್ಣ ಕಾಲಿನ ಎಕ್ಸ್-ರೇ ಆಗಿದೆಯೇ, ಸಿ.ಟಿ. ಹೇಳಿದ್ದರೆ ಅದರಿಂದ ಯಾವ ನಿರ್ಧಾರ ಬದಲಾಗುತ್ತದೆ, ತಮ್ಮ ಕಾಲಿನ ಸಹಜ ಬಾಗನ್ನು ವೈದ್ಯರು ಎಷ್ಟರಮಟ್ಟಿಗೆ ಉಳಿಸಲಿದ್ದಾರೆ ಎಂಬ ಮೂರು ಪ್ರಶ್ನೆಗಳನ್ನು ಕೇಳುವುದು ಒಳಿತು.